ಅರವತ್ತು ದಾಟಿದ ಮೇಲೆ ಥಾರ್ ಮರುಭೂಮಿಯ ಕಚ್ಚಾ ದಾರಿಗಳು: ನಮ್ಮ ಕಡೆಯಿಂದ ಕಾರಿನಲ್ಲಿ ಹೊರಡುವವರಿಗೆ ಮಾರ್ಗದರ್ಶಿ

ದೀಪಾವಳಿ ಮುಗಿದು ಬಿಳಿಜೋಳದ ಪೈರು ಮೊಣಕಾಲೆತ್ತರಕ್ಕೆ ಬರುವ ಹೊತ್ತಿಗೆ, ಸ್ವಂತ ಕಾರಿನಲ್ಲಿ ರಾಜಸ್ಥಾನ ನೋಡಿಕೊಂಡು ಬರಬೇಕೆಂದು ಯೋಚಿಸುವ ನಿವೃತ್ತ ದಂಪತಿಗಳು ವಿಜಯಪುರ, ಬಾಗಲಕೋಟೆಗಳಲ್ಲಿ ಈಗ ಅಪರೂಪವಲ್ಲ. ಜೈಸಲ್ಮೇರ್‌ವರೆಗಿನ ಹೆದ್ದಾರಿಯಲ್ಲಿ ದೊಡ್ಡ ತೊಡಕೇನೂ ಇಲ್ಲ. ತೊಡಕು ಶುರುವಾಗುವುದು ಡಾಂಬರು ಮುಗಿದ ಮೇಲೆ: ಗಾಳಿ ತಂದು ಸುರಿದ ಉಸುಕು ಅರ್ಧ ರಸ್ತೆಯನ್ನು ಮುಚ್ಚಿರುವಲ್ಲಿ, ಜಲ್ಲಿಯ ಮೇಲೆ ಅಲೆಯಲೆಯಾಗಿ ಏರಿಳಿತ ಬಿದ್ದ ಕಚ್ಚಾ ದಾರಿಯಲ್ಲಿ, ಅಲ್ಲಿಯವರು ಢಾಣಿ ಎಂದು ಕರೆಯುವ ಒಂಟಿ ವಸತಿಗಳಿಗೆ ಹೋಗುವ ಉಸುಕಿನ ಜಾಡುಗಳಲ್ಲಿ. ಅರವತ್ತು ದಾಟಿದವರು ಇಂಥ ದಾರಿಗೆ ಇಳಿಯಲೇಬಾರದು ಎಂಬ ಮಾತನ್ನು ನಾನು ಒಪ್ಪುವುದಿಲ್ಲ. ಆದರೆ ಇಳಿಯುವ ಮೊದಲು ಒಂದು ವಿಷಯವನ್ನು ಗಟ್ಟಿಯಾಗಿ ಮನಸ್ಸಿನಲ್ಲಿಟ್ಟುಕೊಳ್ಳಬೇಕು. ವಯಸ್ಸಾದಂತೆ ಬಾಯಾರಿಕೆ, ದಣಿವು, ಮೈ ಬಿಸಿಯೇರುವುದು, ನೋಟ ಮಸುಕಾಗುವುದು ಇವೆಲ್ಲ ನಮ್ಮ ಅರಿವಿಗೆ ತಡವಾಗಿ ಬರುತ್ತವೆ. ಆದ್ದರಿಂದ ಮರುಭೂಮಿಯಲ್ಲಿ ಮೈ ಏನು ಹೇಳುತ್ತದೆ ಎಂದು ಕಾಯದೆ, ಗಡಿಯಾರ ಮತ್ತು ಅಳತೆಗಳನ್ನು ನೋಡಿ ನಡೆಯಬೇಕು. ಮುಂದೆ ಹೇಳುವುದೆಲ್ಲ ಈ ಒಂದು ನಿಯಮದಿಂದಲೇ ಹುಟ್ಟಿದ್ದು.

ನಮ್ಮ ಕಡೆಯವರಿಗೆ ಇನ್ನೊಂದು ಎಚ್ಚರಿಕೆಯೂ ಬೇಕು. ಏಪ್ರಿಲ್‌, ಮೇ ತಿಂಗಳಲ್ಲಿ 40 ಡಿಗ್ರಿ ದಾಟುವ ಬಿಸಿಲನ್ನು ಹುಟ್ಟಿನಿಂದ ಕಂಡವರಿಗೆ ಮರುಭೂಮಿ ಹೊಸದೇನಲ್ಲ ಎಂಬ ಧೈರ್ಯ ಸುಲಭವಾಗಿ ಬರುತ್ತದೆ. ಊರಿನಲ್ಲಿ ಬಿಸಿಲು ತಡೆಯಲಾಗದಾಗ ಬೇವಿನ ನೆರಳೋ ಯಾರದೋ ಮನೆಯ ಪಡಸಾಲೆಯೋ ಹತ್ತಿರದಲ್ಲಿಯೇ ಸಿಗುತ್ತದೆ. ಅಲ್ಲಿ ಮುಂದಿನ ನೆರಳು ಹತ್ತಾರು ಕಿಲೋಮೀಟರ್ ದೂರವಿರಬಹುದು. ಜೋಧಪುರದ ಉತ್ತರಕ್ಕಿರುವ ಫಲೋದಿಯಲ್ಲಿ 2016ರ ಮೇ 19ರಂದು 51 ಡಿಗ್ರಿ ತಾಪಮಾನ ದಾಖಲಾಗಿತ್ತು. ಹಿರಿಯರ ಪ್ರಯಾಣಕ್ಕೆ ನವೆಂಬರ್ ನಡುವಿನಿಂದ ಫೆಬ್ರುವರಿ ನಡುವಿನವರೆಗಿನ ಕಾಲ ಮಾತ್ರ ಸರಿ. ಉಳಿದ ತಿಂಗಳುಗಳ ಬಗ್ಗೆ ಚರ್ಚೆಯೇ ಬೇಡ.

ಎರಡು ತಿಂಗಳು ಮೊದಲು: ಕಣ್ಣು, ಔಷಧಿ, ಕಾಗದಪತ್ರ

ಮೊದಲ ಕೆಲಸ ಕಣ್ಣಿನ ಪರೀಕ್ಷೆ. ಮಸುಕು ಬೆಳಕಿನಲ್ಲಿ ಅರವತ್ತರ ವಯಸ್ಸಿನವರ ಕಣ್ಣಿನ ಒಳಪದರಕ್ಕೆ ತಲುಪುವ ಬೆಳಕು ಇಪ್ಪತ್ತರ ಹರೆಯದವರಿಗೆ ತಲುಪುವುದರ ಸುಮಾರು ಮೂರನೇ ಒಂದು ಭಾಗ ಮಾತ್ರ. ಅಕ್ಷರಗಳ ಫಲಕವನ್ನು ಕೊನೆಯ ಸಾಲಿನವರೆಗೆ ಓದಿದವರಿಗೂ ಒಂದೇ ಬಣ್ಣದ ಉಸುಕಿನಲ್ಲಿ ತಗ್ಗು ಎಲ್ಲಿದೆ, ದಿಬ್ಬ ಎಲ್ಲಿದೆ ಎಂಬುದು ಕಾಣದಿರಬಹುದು, ಏಕೆಂದರೆ ಫಲಕದ ಕಪ್ಪು ಅಕ್ಷರಗಳು ಈ ಶಕ್ತಿಯನ್ನು ಅಳೆಯುವುದಿಲ್ಲ. ಮೋತಿಬಿಂದು ಆರಂಭದಲ್ಲಿದೆಯೇ, ಎದುರು ಬೆಳಕಿಗೆ ಕಣ್ಣು ಕೋರೈಸುತ್ತದೆಯೇ ಎಂದು ವೈದ್ಯರನ್ನು ಕೇಳಿ ಖಚಿತಪಡಿಸಿಕೊಳ್ಳಬೇಕು. ಬಿಸಿಲಿಗೆ ತಾನಾಗಿಯೇ ಕಪ್ಪಾಗುವ ಕನ್ನಡಕವನ್ನು ನೆಚ್ಚಿಕೊಳ್ಳಬಾರದು. ಕಾರಿನ ಮುಂದಿನ ಗಾಜು ಅತಿನೇರಳೆ ಕಿರಣಗಳನ್ನು ತಡೆಯುವುದರಿಂದ ಅದು ಒಳಗೆ ಸರಿಯಾಗಿ ಕಪ್ಪಾಗುವುದಿಲ್ಲ. ನಿಮ್ಮ ನಂಬರಿನಲ್ಲಿಯೇ ಕಂದು ಅಥವಾ ಬೂದು ಬಣ್ಣದ ಪೋಲರೈಸ್ಡ್ ಕನ್ನಡಕ ಮಾಡಿಸಿಕೊಳ್ಳುವುದು ಒಳ್ಳೆಯದು. ಇರುವ ನಂಬರಿನ ಇನ್ನೊಂದು ಸಾದಾ ಕನ್ನಡಕವೂ ಗಾಡಿಯಲ್ಲಿರಲಿ.

ಎರಡನೆಯದು ಔಷಧಿಗಳ ಪಟ್ಟಿ. ರಕ್ತದೊತ್ತಡಕ್ಕೆ ಕೊಡುವ ಮಾತ್ರೆಗಳಲ್ಲಿ ಮೂತ್ರವನ್ನು ಹೆಚ್ಚಿಸುವಂಥವು ಇರುತ್ತವೆ. ಒಣಹವೆಯಲ್ಲಿ ಬೆವರು ಕಾಣುವ ಮೊದಲೇ ಆರಿಹೋಗುತ್ತದೆ, ಜೊತೆಗೆ ಈ ಮಾತ್ರೆಯೂ ಸೇರಿದರೆ ಮೈಯ ನೀರು ಬೇಗ ಬತ್ತುತ್ತದೆ. ನೆಗಡಿ, ಅಲರ್ಜಿಗೆ ತೆಗೆದುಕೊಳ್ಳುವ ಕೆಲವು ಮಾತ್ರೆಗಳು ತೂಕಡಿಕೆ ತರುತ್ತವೆ. ಇವುಗಳನ್ನು ನಿಲ್ಲಿಸುವ ಅಥವಾ ಹೊತ್ತು ಬದಲಿಸುವ ತೀರ್ಮಾನ ವೈದ್ಯರದೇ ಆಗಿರಬೇಕು, ನೀವಾಗಿಯೇ ಬಿಡಬಾರದು. ಹೃದಯ ಅಥವಾ ಮೂತ್ರಪಿಂಡದ ತೊಂದರೆಯಿಂದ ನೀರಿಗೆ ಮಿತಿ ಹಾಕಿಸಿಕೊಂಡವರು ದಿನಕ್ಕೆ ಎಷ್ಟು ಕುಡಿಯಬೇಕೆಂಬ ಅಳತೆಯನ್ನು ಬರೆಸಿಕೊಂಡೇ ಹೊರಡಬೇಕು.

ಸಕ್ಕರೆ ಕಾಯಿಲೆ ಇರುವವರು, ಅದರಲ್ಲಿಯೂ ಇನ್ಸುಲಿನ್ ಅಥವಾ ಸಕ್ಕರೆಯನ್ನು ತೀರ ಇಳಿಸಬಲ್ಲ ಮಾತ್ರೆ ತೆಗೆದುಕೊಳ್ಳುವವರು, ಸ್ಟೀರಿಂಗ್ ಹಿಡಿಯುವ ಮೊದಲು ಮತ್ತು ಆ ಮೇಲೆ ಎರಡು ಗಂಟೆಗೊಮ್ಮೆ ಬೆರಳು ಚುಚ್ಚಿ ನೋಡಬೇಕು. ಸಕ್ಕರೆ 90ಕ್ಕಿಂತ ಕೆಳಗಿದ್ದರೆ ಏನಾದರೂ ತಿನ್ನದೆ ಗಾಡಿ ಮುಂದೆ ಹೋಗಬಾರದು. ಸಕ್ಕರೆ ಇಳಿದು ತಲೆ ತಿರುಗಿ, ಸಿಹಿ ತಿಂದು ಸರಿಹೋದ ಮೇಲೂ ಮುಕ್ಕಾಲು ಗಂಟೆ ಕಾಯಬೇಕು, ಏಕೆಂದರೆ ಅಂಕಿ ಸರಿಹೋದ ಎಷ್ಟೋ ಹೊತ್ತಿನ ಮೇಲೆ ತಲೆ ತಿಳಿಯಾಗುತ್ತದೆ. ಇನ್ಸುಲಿನ್ ಕಾಪಾಡಲು ಒದ್ದೆ ಬಟ್ಟೆ ಸುತ್ತಿದ ಸಣ್ಣ ಮಣ್ಣಿನ ಗಡಗಿಗಿಂತ ಒಳ್ಳೆಯ ಉಪಾಯ ಮರುಭೂಮಿಯಲ್ಲಿ ಇಲ್ಲ. ಗಾಳಿ ಒಣಗಿದಷ್ಟೂ ಗಡಗಿ ತಂಪಾಗುತ್ತದೆ. ಔಷಧಿಯ ಬಾಟಲಿಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಒಳಗಿಡಿ. ಬರ್ಫದ ಮೇಲೆ ನೇರವಾಗಿ ಇಡಬೇಡಿ, ಹೆಪ್ಪುಗಟ್ಟಿದ ಇನ್ಸುಲಿನ್ ಕೆಟ್ಟಂತೆಯೇ.

ಮೂಳೆ ಸವೆತ ಇದೆಯೆಂದು ಗೊತ್ತಾದವರ ಬಗ್ಗೆ ನನ್ನ ಮಾತು ಕಟುವಾಗಿ ಕಾಣಬಹುದು, ಆದರೂ ಹೇಳಲೇಬೇಕು: ಅಲೆಯಲೆಯಾದ ಕಚ್ಚಾ ದಾರಿ ಅವರಿಗಲ್ಲ. ಒಂದು ತಗ್ಗಿಗೆ ಗಾಡಿ ಧೊಪ್ಪನೆ ಬಿದ್ದರೂ ಬೆನ್ನುಮೂಳೆಯ ಮಣಿ ಕುಸಿಯಬಹುದು. ಇದು ಓಡಿಸುವವರಿಗಿಂತ ಪಕ್ಕದಲ್ಲಿ ಕೂತ ಹೆಣ್ಣುಮಕ್ಕಳಿಗೆ ಹೆಚ್ಚು ಸಂಬಂಧಿಸಿದ್ದು. ಮನೆಯಾಕೆಗೆ ಈ ತೊಂದರೆ ಇದ್ದರೆ ಡಾಂಬರು ರಸ್ತೆಯಿಂದ ಕಾಣುವ ಮರುಭೂಮಿಯೇ ಸಾಕು. ಅದೇನೂ ಕಡಿಮೆಯದಲ್ಲ.

ಇನ್ನು ಲೈಸೆನ್ಸು. 2019ರ ತಿದ್ದುಪಡಿಯ ನಂತರ 55 ದಾಟಿದವರಿಗೆ ನವೀಕರಣ 5 ವರ್ಷಕ್ಕೆ ಮಾತ್ರ ಸಿಗುತ್ತದೆ. ನೋಂದಾಯಿತ ವೈದ್ಯರು ಬರೆದುಕೊಡುವ ನಮೂನೆ 1-ಎ ಪ್ರಮಾಣಪತ್ರ ಬೇಕು. ಅವಧಿ ಮುಗಿಯಲು ಒಂದು ವರ್ಷ ಇರುವಾಗಲೇ ಅರ್ಜಿ ಹಾಕಬಹುದಾದ್ದರಿಂದ, ಪ್ರಯಾಣದ ನಡುವೆ ಅವಧಿ ಮುಗಿಯುವ ಸಂಭವವಿದ್ದರೆ ಮೊದಲೇ ಮುಗಿಸಿಕೊಳ್ಳಿ.

ಗಾಡಿ

ನಾಲ್ಕೂ ಗಾಲಿಗೆ ಶಕ್ತಿ ಹೋಗುವ ಫೋರ್ ವೀಲ್ ಡ್ರೈವ್ ಗಾಡಿ ಇಲ್ಲದಿದ್ದರೆ ಸಡಿಲ ಉಸುಕಿಗೆ ಇಳಿಯಬಾರದು. ಸಾಮಾನ್ಯ ಕಾರಿನವರು ಗಟ್ಟಿ ಜಲ್ಲಿಯ ಕಚ್ಚಾ ದಾರಿಯವರೆಗೆ ಹೋಗಿ ಹಿಂದಿರುಗಬೇಕು. ಟೈರಿನ ಬದಿಯಲ್ಲಿ ನಾಲ್ಕಂಕಿಯ ಗುರುತು ಇರುತ್ತದೆ. 2321 ಎಂದಿದ್ದರೆ 2021ನೇ ಇಸವಿಯ 23ನೇ ವಾರದಲ್ಲಿ ತಯಾರಾದದ್ದು ಎಂದರ್ಥ. ನಿವೃತ್ತರ ಗಾಡಿಗಳು ಕಡಿಮೆ ಓಡುವುದರಿಂದ ಟೈರಿನ ಹಲ್ಲು ಹೊಸದರಂತೆ ಕಾಣುತ್ತಿದ್ದರೂ ರಬ್ಬರು ಗಟ್ಟಿಯಾಗಿ ಬದಿಯಲ್ಲಿ ಸೀಳಿರುತ್ತದೆ. ಐದಾರು ವರ್ಷ ದಾಟಿದ ಟೈರುಗಳನ್ನು ಬದಲಿಸಿಯೇ ಹೊರಡಿ, ಸ್ಟೆಪ್ನಿಯನ್ನೂ ಸೇರಿಸಿ.

ಜೊತೆಗೆ ಬೇಕಾದದ್ದು: ಕಾರಿನ ಬ್ಯಾಟರಿಯಿಂದ ನಡೆಯುವ ಹವಾ ತುಂಬುವ ಪಂಪು, ಒತ್ತಡ ನೋಡುವ ಮೀಟರು, ಉದ್ದ ಹಿಡಿಕೆಯ ಸಲಿಕೆ, ಗಟ್ಟಿ ಎಳೆಹಗ್ಗ, ನಾಲ್ಕು ಖಾಲಿ ಗೋಣಿಚೀಲ, ಜಾಕಿನ ಕೆಳಗೆ ಇಡಲು ಒಂದೂವರೆ ಅಡಿಯ ದಪ್ಪ ಹಲಗೆ. ಹಲಗೆ ಇಲ್ಲದೆ ಉಸುಕಿನಲ್ಲಿ ಜಾಕ್ ಹಚ್ಚಿದರೆ ಗಾಡಿ ಮೇಲೇಳುವ ಬದಲು ಜಾಕೇ ಕೆಳಗಿಳಿಯುತ್ತದೆ. ಏರ್ ಫಿಲ್ಟರ್ ಹೊಸದನ್ನು ಹಾಕಿಸಿ, ಇನ್ನೊಂದನ್ನು ಡಿಕ್ಕಿಯಲ್ಲಿಡಿ.

ಕೂರುವ ರೀತಿಯನ್ನೂ ಇಲ್ಲಿಯೇ ಸರಿಪಡಿಸಿಕೊಳ್ಳಬೇಕು. ಬೆನ್ನು ಪೂರ್ತಿ ಸೀಟಿಗೆ ತಾಗಿರಬೇಕು, ಬ್ರೇಕನ್ನು ಕೊನೆಯವರೆಗೆ ಒತ್ತಿದಾಗಲೂ ಮೊಣಕಾಲು ಸ್ವಲ್ಪ ಬಾಗಿಯೇ ಇರಬೇಕು, ಎದೆಗೂ ಸ್ಟೀರಿಂಗಿಗೂ ನಡುವೆ ಒಂದು ಗೇಣಿಗಿಂತ ಹೆಚ್ಚು ಅಂತರ ಇರಬೇಕು. ಕುತ್ತಿಗೆ ತಿರುಗದವರು ಬದಿಯ ಕನ್ನಡಿಗಳಿಗೆ ಸಣ್ಣ ಉಬ್ಬುಗನ್ನಡಿ ಅಂಟಿಸಿಕೊಳ್ಳಲಿ.

ಊರಿನಲ್ಲಿಯೇ ಅಭ್ಯಾಸ

ಅಭ್ಯಾಸಕ್ಕೆ ನಮ್ಮ ಜಿಲ್ಲೆಗಳಿಗಿಂತ ಒಳ್ಳೆಯ ನೆಲ ಬೇಕಿಲ್ಲ. ಇಂಡಿ, ಸಿಂದಗಿ ಕಡೆಯ ಎರಿ ಹೊಲಗಳ ಚಕ್ಕಡಿ ದಾರಿಗಳಲ್ಲಿ ಮಳೆ ನಿಂತು ಮಣ್ಣು ಆರಿದ ಮೇಲೆ ಪಾದ ಮುಳುಗುವಷ್ಟು ನುಣುಪಾದ ಧೂಳು ನಿಲ್ಲುತ್ತದೆ. ಸಡಿಲ ನೆಲದ ಮೇಲೆ ಗಾಡಿ ಹೇಗೆ ತೇಲುತ್ತದೆ, ಬ್ರೇಕ್ ಹಾಕಿದಾಗ ಎಷ್ಟು ಮುಂದೆ ಜಾರುತ್ತದೆ ಎಂಬುದು ಅಲ್ಲಿ ತಿಳಿಯುತ್ತದೆ. ಮುಧೋಳ, ಜಮಖಂಡಿ, ಅಥಣಿಗಳ ಕಡೆ ಕಬ್ಬಿನ ಟ್ರ್ಯಾಕ್ಟರುಗಳು ಕೊರೆದ ಆಳವಾದ ಗಾಲಿಜಾಡಿನಲ್ಲಿ ಗಾಡಿಯನ್ನು ಹಿಡಿದು ನಡೆಸಲು ಕಲಿತರೆ ಒಂಟೆಗಾಡಿಯ ಜಾಡೂ ಹೊಸದೆನಿಸುವುದಿಲ್ಲ. ಇಂಥ ದಾರಿಯಲ್ಲಿ ಹೆಬ್ಬೆರಳುಗಳನ್ನು ಸ್ಟೀರಿಂಗಿನ ಒಳಗೆ ಸಿಕ್ಕಿಸಬಾರದು, ಹೊರ ಅಂಚಿನ ಮೇಲೆಯೇ ಇಡಬೇಕು. ಗಾಲಿ ಕಲ್ಲಿಗೆ ಬಡಿದು ಸ್ಟೀರಿಂಗ್ ತಟ್ಟನೆ ತಿರುಗಿದರೆ ಸಂಧಿವಾತದ ಬೆರಳು ಮುರಿದೇ ಹೋಗುತ್ತದೆ.

ಟೈರಿನ ಹವಾ ಇಳಿಸಿ, ಸ್ವಲ್ಪ ದೂರ ಓಡಿಸಿ, ಮತ್ತೆ ಪಂಪಿನಿಂದ ತುಂಬಿಸುವ ಇಡೀ ಕೆಲಸವನ್ನು ಹೊಲದ ಬದುವಿನಲ್ಲಿಯೇ ಒಂದೆರಡು ಬಾರಿ ಮಾಡಿ ನೋಡಬೇಕು. ದಂಪತಿಗಳಿಬ್ಬರೂ ಮಾಡಬೇಕು. ಬಗ್ಗಿ ಏಳುವುದಕ್ಕೆ ಮೊಣಕಾಲು ಒಪ್ಪದಿದ್ದರೆ ಅದು ಇಲ್ಲಿಯೇ ಗೊತ್ತಾಗಲಿ. ಗಿಡ್ಡ ಮಣೆಯೊಂದನ್ನು ಜೊತೆಗೆ ಒಯ್ಯುವ ವಿಚಾರವೂ ಆಗಲೇ ಹೊಳೆಯುತ್ತದೆ.

ಅಲ್ಲಿಯವರೆಗೆ ತಲುಪುವುದು

ವಿಜಯಪುರದಿಂದ ಸೋಲಾಪುರ, ಪುಣೆ, ಅಹಮದಾಬಾದ್ ಮೂಲಕ ಜೈಸಲ್ಮೇರ್ 1,500 ಕಿಲೋಮೀಟರಿಗೂ ಹೆಚ್ಚು. ಜೈಪುರ ನೋಡಿಕೊಂಡು ಹೋಗುವವರಿಗೆ ಊರಿನ ಮುಂದೆಯೇ ಹಾದುಹೋಗುವ ರಾಷ್ಟ್ರೀಯ ಹೆದ್ದಾರಿ 52 ಇದೆ. ಸೋಲಾಪುರ, ಧುಳೆ, ಇಂದೋರ್, ಕೋಟಾ ಮೂಲಕ ಅದು ಜೈಪುರಕ್ಕೆ ಮುಟ್ಟುತ್ತದೆ. ದಿನಕ್ಕೆ 300ರಿಂದ 350 ಕಿಲೋಮೀಟರ್‌ಗಿಂತ ಹೆಚ್ಚು ಬೇಡ. ಒಂದೂವರೆ ಗಂಟೆಗೊಮ್ಮೆ, ದಣಿವಾಗಿರಲಿ ಬಿಡಲಿ, ಗಾಡಿ ನಿಲ್ಲಿಸಿ ಹತ್ತು ನಿಮಿಷ ನಡೆದಾಡಿ. ಮರುಭೂಮಿಯ ಅಂಚಿಗೆ ತಲುಪಿದ ಮೇಲೆ ಒಂದು ಇಡೀ ದಿನ ಸ್ಟೀರಿಂಗ್ ಮುಟ್ಟದೆ ವಿಶ್ರಾಂತಿ ತೆಗೆದುಕೊಳ್ಳಿ.

ನನ್ನನ್ನು ಕೇಳಿದರೆ, ಎಪ್ಪತ್ತರ ಹತ್ತಿರದವರು ಹೆದ್ದಾರಿಯ ದಣಿವನ್ನು ಪೂರ್ತಿ ಬಿಟ್ಟುಬಿಡುವುದೇ ಜಾಣತನ. ಬೆಂಗಳೂರು-ಜೋಧಪುರ ಎಕ್ಸ್‌ಪ್ರೆಸ್ ಹುಬ್ಬಳ್ಳಿ, ಬೆಳಗಾವಿ ಮಾರ್ಗವಾಗಿ ಹೋಗುತ್ತದೆ. ಜೋಧಪುರದಲ್ಲಿ ಇಳಿದು, ಅಲ್ಲಿಯ ನೆಲ ಬಲ್ಲ ಚಾಲಕನೊಂದಿಗೆ ಬಾಡಿಗೆಗೆ ಗಾಡಿ ಹಿಡಿದು, ಗಟ್ಟಿ ದಾರಿ ಇರುವ ಕಡೆ ಮಾತ್ರ ನೀವು ಓಡಿಸಬಹುದೇ ಎಂದು ಮೊದಲೇ ಮಾತಾಡಿಕೊಳ್ಳಿ. ಶಕ್ತಿಯನ್ನು ಎಲ್ಲಿ ಖರ್ಚು ಮಾಡಬೇಕೋ ಅಲ್ಲಿಗೆ ಉಳಿಸಿಕೊಂಡಂತಾಗುತ್ತದೆ.

ದಿನದ ವೇಳೆ

ಡಿಸೆಂಬರಿನಲ್ಲಿ ಜೈಸಲ್ಮೇರಿನಲ್ಲಿ ಸೂರ್ಯ ಹುಟ್ಟುವುದು ಬೆಳಗಿನ 7 ದಾಟಿದ ಮೇಲೆ, ಮುಳುಗುವುದು ಸಂಜೆ 6ರ ಸುಮಾರಿಗೆ. ಕಚ್ಚಾ ದಾರಿಗೆ 9ರಿಂದ 12ರವರೆಗೆ ಮತ್ತು ಎರಡೂವರೆಯಿಂದ ನಾಲ್ಕೂವರೆಯವರೆಗೆ ಮಾತ್ರ ಸಮಯ ಇಟ್ಟುಕೊಳ್ಳಿ. ಕತ್ತಲಾದ ಮೇಲೆ ಓಡಿಸುವುದೇ ಬೇಡ. ಒಂಟೆ, ದನ, ನೀಲಗಾಯಿಗಳು ರಸ್ತೆಯ ಮೇಲೆಯೇ ನಿಂತಿರುತ್ತವೆ. ಒಂಟೆಯ ಕಾಲು ಉದ್ದವಾದ್ದರಿಂದ ಡಿಕ್ಕಿ ಹೊಡೆದಾಗ ಅದರ ಇಡೀ ಮೈ ಮುಂದಿನ ಗಾಜಿನ ಮೇಲೆಯೇ ಬೀಳುತ್ತದೆ.

ಸಮ್ ಮರಳುದಿಬ್ಬಗಳ ವಿಷಯವನ್ನು ಬೇರೆಯಾಗಿಯೇ ಹೇಳಬೇಕು. ಜೈಸಲ್ಮೇರಿನಿಂದ ಸುಮಾರು 40 ಕಿಲೋಮೀಟರ್ ಪಶ್ಚಿಮಕ್ಕಿರುವ ಈ ಜಾಗಕ್ಕೆ ಎಲ್ಲರೂ ಸೂರ್ಯಾಸ್ತ ನೋಡಲು ಹೋಗುತ್ತಾರೆ. ಅಂದರೆ ಹೋಗುವಾಗ ಇಳಿಬಿಸಿಲು ನೇರವಾಗಿ ಕಣ್ಣಿಗೆ ಹೊಡೆಯುತ್ತದೆ, ಬರುವಾಗ ಕತ್ತಲು ಮತ್ತು ಎದುರು ಗಾಡಿಗಳ ದೀಪ. ಹಿರಿಯ ಕಣ್ಣಿಗೆ ಇವೆರಡೂ ಅತಿ ಕೆಟ್ಟ ಹೊತ್ತುಗಳು. ಮಧ್ಯಾಹ್ನ 2ರ ಸುಮಾರಿಗೆ ಹೊರಟು ರಾತ್ರಿ ಅಲ್ಲಿಯ ಡೇರೆಗಳಲ್ಲಿಯೇ ತಂಗಿ, ಬೆಳಿಗ್ಗೆ ಸೂರ್ಯ ಮೇಲೇರಿದ ನಂತರ ಹಿಂದಿರುಗಿ. ಅದಾಗದಿದ್ದರೆ ಬಾಡಿಗೆ ಗಾಡಿಯಲ್ಲಿ ಹೋಗಿ. ರಾತ್ರಿ ಅಲ್ಲಿ ಕೊರೆಯುವ ಚಳಿ ಇರುತ್ತದೆ, ಉಣ್ಣೆಯ ಟೊಪ್ಪಿಗೆ ಮರೆಯಬೇಡಿ.

ಉಸುಕಿನಲ್ಲಿ

ಡಾಂಬರು ಬಿಟ್ಟು ಇಳಿಯುವ ಮೊದಲು ಗಟ್ಟಿ ನೆಲದ ಮೇಲೆ ಗಾಡಿ ನಿಲ್ಲಿಸಿ, ಮುಂದಿನ ನೂರು ಹೆಜ್ಜೆ ನಡೆದು ನೋಡಿ. ಕಾಲು ಗಿಣ್ಣಿನವರೆಗೆ ಇಳಿಯುವ ಕಡೆ ಗಾಲಿಯೂ ಇಳಿಯುತ್ತದೆ. ಬೆಳಗಿನ ತಂಪಿನಲ್ಲಿ ಉಸುಕು ಬಿಗಿಯಾಗಿರುತ್ತದೆ, ಹೊತ್ತೇರಿದಂತೆ ಸಡಿಲಾಗುತ್ತದೆ. ಆದ್ದರಿಂದ ಬೆಳಿಗ್ಗೆ ದಾಟಿದ ಜಾಗವನ್ನು ಮಧ್ಯಾಹ್ನ ದಾಟಲಾಗದೆ ಹೋಗಬಹುದು. ಹಿಂದಿರುಗುವ ದಾರಿಯನ್ನು ಇದನ್ನು ಲೆಕ್ಕ ಹಿಡಿದೇ ಆರಿಸಿ.

ಹೆದ್ದಾರಿಯಲ್ಲಿ 32-35 ಪಿಎಸ್‌ಐ ಇರುವ ಹವಾವನ್ನು ಜಲ್ಲಿಯ ಕಚ್ಚಾ ದಾರಿಗೆ 25ರ ಸುಮಾರಿಗೆ, ಸಡಿಲ ಉಸುಕಿಗೆ 16-18ಕ್ಕೆ ಇಳಿಸಬೇಕು. ಹವಾ ಇಳಿದಾಗ ಟೈರು ಉದ್ದಕ್ಕೆ ಚಪ್ಪಟೆಯಾಗಿ ಹೆಚ್ಚು ನೆಲವನ್ನು ಹಿಡಿಯುತ್ತದೆ, ಗಾಡಿಯ ಭಾರ ಹಂಚಿಹೋಗಿ ಉಸುಕಿನ ಮೇಲೆಯೇ ಉಳಿಯುತ್ತದೆ. ಸೊಂಟಕ್ಕೆ ಬೀಳುವ ಕುಲುಕಾಟವೂ ಕಡಿಮೆಯಾಗುವುದು ನಮ್ಮ ವಯಸ್ಸಿನವರಿಗೆ ಇದರ ದೊಡ್ಡ ಉಪಕಾರ. ಆದರೆ ಇಳಿಸಿದ ಹವಾದಲ್ಲಿ ವೇಗ ಹೆಚ್ಚಿಸಿದರೆ ಅಥವಾ ತಟ್ಟನೆ ತಿರುಗಿಸಿದರೆ ಟೈರು ಕಾದು ಒಡೆಯುತ್ತದೆ, ಇಲ್ಲವೇ ರಿಮ್ಮಿನಿಂದ ಕಳಚುತ್ತದೆ. ಉಸುಕಿನಲ್ಲಿ ಗಂಟೆಗೆ 30 ಕಿಲೋಮೀಟರ್ ಮೀರಬೇಡಿ, ಡಾಂಬರು ಸಿಕ್ಕ ಕೂಡಲೇ ಮತ್ತೆ ತುಂಬಿಸಿಕೊಳ್ಳಿ.

ಉಸುಕು ಕಾಣುವ ಮೊದಲೇ ಫೋರ್ ವೀಲ್ ಡ್ರೈವ್ ಹಾಕಿಕೊಂಡು, ಎರಡನೇ ಗೇರಿನಲ್ಲಿ ಒಂದೇ ಸಮನಾದ ವೇಗದಲ್ಲಿ ಸಾಗಬೇಕು. ನಡುವೆ ಗೇರ್ ಬದಲಿಸಿದರೆ ಗಾಡಿಯ ಓಟ ಮುರಿಯುತ್ತದೆ. ಗಾಲಿ ಜಾರಿದೊಡನೆ ಎಂಜಿನಿನ ಶಕ್ತಿಯನ್ನು ತಡೆಯುವ ಟ್ರ್ಯಾಕ್ಷನ್ ಕಂಟ್ರೋಲ್ ಗುಂಡಿಯನ್ನು ಉಸುಕಿನಲ್ಲಿ ಮಾತ್ರ ಬಂದ್ ಮಾಡಿ, ಹೊರಬಂದ ಮೇಲೆ ಚಾಲೂ ಮಾಡಿ. ನಿಲ್ಲಿಸುವಾಗ ಬ್ರೇಕ್ ಒತ್ತದೆ ಗಾಡಿ ತಾನಾಗಿ ನಿಲ್ಲಲು ಬಿಡಿ. ಬ್ರೇಕ್ ಒತ್ತಿದರೆ ಮುಂದಿನ ಗಾಲಿಯ ಎದುರು ಉಸುಕಿನ ಗುಡ್ಡೆ ಸೇರುತ್ತದೆ, ಮತ್ತೆ ಹೊರಡುವಾಗ ಅದೇ ಅಡ್ಡವಾಗುತ್ತದೆ. ಸಾಧ್ಯವಾದರೆ ಇಳಿಜಾರಿಗೆ ಮುಖ ಮಾಡಿ ನಿಲ್ಲಿಸಿ.

ಜಲ್ಲಿಯ ದಾರಿಯಲ್ಲಿ ವೇಗದ ಲೆಕ್ಕ ಸರಳ. ಗಂಟೆಗೆ 60ರ ವೇಗದಲ್ಲಿ ಗಾಡಿ ಸೆಕೆಂಡಿಗೆ ಸುಮಾರು 17 ಮೀಟರ್, 40ರಲ್ಲಿ 11 ಮೀಟರ್ ಸಾಗುತ್ತದೆ. ತಗ್ಗು ಕಂಡು, ತಿಳಿದು, ಕಾಲು ಬ್ರೇಕಿಗೆ ಹೋಗುವಷ್ಟರಲ್ಲಿ ನಮಗೆ ಎರಡು ಸೆಕೆಂಡು ಹಿಡಿದರೆ, 60ರಲ್ಲಿ ಬ್ರೇಕ್ ಮುಟ್ಟುವ ಮೊದಲೇ 34 ಮೀಟರ್ ಕಳೆದಿರುತ್ತದೆ. ಅಲೆದಾರಿಯ ಮೇಲೆ ವೇಗವಾಗಿ ಹೋದರೆ ಕುಲುಕು ಕಡಿಮೆ ಎಂದು ಹುಡುಗರು ಹೇಳುವುದು ನಿಜವೇ, ಆದರೆ ಆಗ ಗಾಲಿ ನೆಲವನ್ನು ಪೂರ್ತಿ ಹಿಡಿದಿರುವುದಿಲ್ಲ. ಅವರ ಹಾಗೆ ತಕ್ಷಣ ಸರಿಪಡಿಸಿಕೊಳ್ಳುವ ಕೈ ನಮ್ಮದಲ್ಲ. 40ರ ಒಳಗೆ ಇರಿ.

ಗಾಡಿ ಹೂತುಕೊಂಡರೆ ಮೊದಲ ಗಳಿಗೆಯಲ್ಲಿಯೇ ಎಕ್ಸಲರೇಟರ್ ಬಿಡಬೇಕು. ಗಾಲಿ ಒಂದೇ ಜಾಗದಲ್ಲಿ ತಿರುಗಿದಷ್ಟೂ ಆಳಕ್ಕೆ ಹೋಗಿ ಗಾಡಿಯ ಹೊಟ್ಟೆ ಉಸುಕಿಗೆ ಕೂರುತ್ತದೆ. ರಿವರ್ಸ್ ಹಾಕಿ ಬಂದ ಜಾಡಿನಲ್ಲಿಯೇ ಹಿಂದೆ ಸರಿಯಲು ಒಮ್ಮೆ ಪ್ರಯತ್ನಿಸಿ. ಆಗದಿದ್ದರೆ ಗಾಲಿಯ ಮುಂದೆ ಹಿಂದೆ ಸ್ವಲ್ಪ ಉಸುಕು ತೆಗೆದು, ಗೋಣಿಚೀಲಗಳನ್ನು ಸಿಕ್ಕಿಸಿ, ಹವಾವನ್ನು 14ರವರೆಗೆ ಇಳಿಸಿ ಮತ್ತೊಮ್ಮೆ ನೋಡಿ. ಇಷ್ಟಕ್ಕೂ ಹೊರಬರದಿದ್ದರೆ ಸಲಿಕೆ ಕೆಳಗಿಡಿ. ಬಿಸಿಲಿನಲ್ಲಿ ಬಗ್ಗಿ ಉಸುಕು ತೋಡುವ ಕೆಲಸ ಹೃದಯದ ಮೇಲೆ ಹಾಕುವ ಭಾರ ಹೊಲದಲ್ಲಿ ದುಡಿದು ಗಟ್ಟಿಯಾದ ಮೈಗೂ ಈ ವಯಸ್ಸಿನಲ್ಲಿ ಹೆಚ್ಚೇ. ಹತ್ತಿರದ ಢಾಣಿಯಿಂದ ಟ್ರ್ಯಾಕ್ಟರ್ ಕರೆಸಿ, ಕೇಳಿದಷ್ಟು ಕೊಟ್ಟುಬಿಡಿ. ದೂರದಲ್ಲಿ ಮನೆ ಕಾಣುತ್ತಿದ್ದರೂ ನಡುಹಗಲಿನಲ್ಲಿ ನಡೆದು ಹೊರಡಬೇಡಿ. ಗಾಡಿಯ ನೆರಳಿನಲ್ಲಿಯೇ ಕೂತು, ಬಿಸಿಲು ಇಳಿದ ಮೇಲೆ ನೋಡಿ.

ಮರಳುದಿಬ್ಬಗಳನ್ನು ಹತ್ತಿಳಿಯುವುದನ್ನು ಈ ಲೇಖನದಿಂದ ಬೇಕೆಂದೇ ಹೊರಗಿಟ್ಟಿದ್ದೇನೆ. ದಿಬ್ಬದ ಮೇಲೆ ಗಾಡಿ ಸ್ವಲ್ಪ ಅಡ್ಡಕ್ಕೆ ತಿರುಗಿದರೂ ಮಗುಚುತ್ತದೆ, ಆ ಕಲೆಯನ್ನು ಓದಿ ಕಲಿಯಲಾಗದು. ಮರುಭೂಮಿ ರಾಷ್ಟ್ರೀಯ ಉದ್ಯಾನದ ಹುಲ್ಲುಗಾವಲಿನಲ್ಲಿಯೂ ಗುರುತಾದ ಜಾಡು ಬಿಟ್ಟು ಗಾಲಿ ಇಳಿಸಬಾರದು. ಅಳಿವಿನ ಅಂಚಿನಲ್ಲಿರುವ ಗ್ರೇಟ್ ಇಂಡಿಯನ್ ಬಸ್ಟರ್ಡ್ ಅಲ್ಲಿ ಬರಿನೆಲದ ಮೇಲೆ ಒಂದೇ ಮೊಟ್ಟೆಯಿಡುತ್ತದೆ.

ನೀರು, ಊಟ, ಸಂಪರ್ಕ

ಒಬ್ಬರಿಗೆ ದಿನಕ್ಕೆ 5 ಲೀಟರ್ ಕುಡಿಯುವ ನೀರಿನಂತೆ, ಬೇಕಾದ ದಿನಗಳಿಗಿಂತ ಎರಡು ದಿನದಷ್ಟು ಹೆಚ್ಚು ಒಯ್ಯಿರಿ. ಒಂದೇ ದೊಡ್ಡ ಕ್ಯಾನಿನಲ್ಲಿ ತುಂಬದೆ ನಾಲ್ಕೈದು ಸಣ್ಣವುಗಳಲ್ಲಿ ಹಂಚಿ. ಒಂದು ಒಡೆದರೂ ಉಳಿದವು ಇರುತ್ತವೆ, ಎತ್ತುವುದಕ್ಕೂ ಹಗುರ. ವೈದ್ಯರ ಮಿತಿ ಇಲ್ಲದವರು ಅರ್ಧ ಗಂಟೆಗೊಮ್ಮೆ, ಬಾಯಾರದಿದ್ದರೂ, ಅರ್ಧ ಲೋಟ ಕುಡಿಯಬೇಕು. ಮೊಬೈಲಿನ ಅಲಾರಂ ಇಟ್ಟುಕೊಳ್ಳಿ. ದಾರಿಯಲ್ಲಿ ಮೂತ್ರಕ್ಕೆ ಜಾಗ ಸಿಗುವುದಿಲ್ಲವೆಂದು ಪ್ರೊಸ್ಟೇಟ್ ತೊಂದರೆ ಇರುವ ಗಂಡಸರೂ, ಅದಕ್ಕಿಂತ ಹೆಚ್ಚಾಗಿ ಹೆಣ್ಣುಮಕ್ಕಳೂ ನೀರು ಕುಡಿಯುವುದನ್ನೇ ಬಿಡುತ್ತಾರೆ. ಮರುಭೂಮಿ ಪ್ರಯಾಣದಲ್ಲಿ ನನಗೆ ಎಲ್ಲಕ್ಕಿಂತ ಹೆಚ್ಚು ಚಿಂತೆ ಹುಟ್ಟಿಸುವುದು ಇದೇ ಅಭ್ಯಾಸ. ಗಾಡಿಯ ಎರಡು ಬಾಗಿಲ ನಡುವೆ ಕಟ್ಟಲು ಒಂದು ಹಳೆಯ ಸೀರೆ ಅಥವಾ ಚಾದರ ಒಯ್ದರೆ ಮರೆ ಸಿದ್ಧವಾಗುತ್ತದೆ. ಮಾತು ತೊದಲುವುದು, ಗಲಿಬಿಲಿಗೊಂಡಂತೆ ಕಾಣುವುದು, ಬಿಸಿಲಿನಲ್ಲಿಯೂ ಚರ್ಮ ಒಣಗಿ ಬಿಸಿಯಾಗಿರುವುದು ಕಂಡರೆ ಸ್ಟೀರಿಂಗ್ ಬಿಡಿಸಿ, ನೆರಳಿಗೆ ತಂದು, ಬಟ್ಟೆ ಸಡಿಲಿಸಿ, ಮೈಗೆ ನೀರು ಚಿಮುಕಿಸಿ ಗಾಳಿ ಹಾಕುತ್ತ 108ಕ್ಕೆ ಫೋನ್ ಮಾಡಬೇಕು.

ಊಟದ ವಿಷಯದಲ್ಲಿ ನಾವು ಅದೃಷ್ಟವಂತರು. ಕಡಕ್ ರೊಟ್ಟಿ, ಶೇಂಗಾ ಚಟ್ನಿ ವಾರಗಟ್ಟಲೆ ಕೆಡುವುದಿಲ್ಲ. ಚಟ್ನಿಗೆ ಉಪ್ಪು ಖಾರ ಕಡಿಮೆ ಹಾಕಿಸಿ, ಜೊತೆಗೆ ಓಆರ್‌ಎಸ್ ಪೊಟ್ಟಣಗಳಿರಲಿ.

ಗಡಿಯ ಹತ್ತಿರ ಮೊಬೈಲ್ ಸಿಗ್ನಲ್ ಎಲ್ಲಿ ಬೇಕಾದರೂ ಹೋಗಬಹುದು, ಆದ್ದರಿಂದ ನಕಾಶೆಯನ್ನು ಮೊದಲೇ ಫೋನಿಗೆ ಇಳಿಸಿಕೊಳ್ಳಿ. ಊರಿನಲ್ಲಿರುವ ಮಗನಿಗೋ ಮಗಳಿಗೋ ಆ ದಿನದ ದಾರಿಯನ್ನು ಬೆಳಿಗ್ಗೆಯೇ ಕಳುಹಿಸಿ, ಸಂಜೆ 7ಕ್ಕೆ ನಿಮ್ಮಿಂದ ಕರೆ ಬಾರದಿದ್ದರೆ ನೀವು ತಂಗುವ ಹೋಟೆಲಿಗೂ ನಂತರ ಅಲ್ಲಿಯ ಪೊಲೀಸರಿಗೂ ತಿಳಿಸಬೇಕೆಂದು ಹೇಳಿಡಿ. ವಿದೇಶದಲ್ಲಿರುವ ಮಕ್ಕಳು ಪ್ರೀತಿಯಿಂದ ಕಳುಹಿಸಿದ ಉಪಗ್ರಹ ಫೋನು ಅಥವಾ ಉಪಗ್ರಹದ ಮೂಲಕ ಸಂದೇಶ ಕಳುಹಿಸುವ ಸಾಧನವನ್ನು ಒಯ್ಯಬೇಡಿ. ಸರಕಾರದ ಅನುಮತಿ ಇಲ್ಲದೆ ಅವುಗಳನ್ನು ಇಟ್ಟುಕೊಳ್ಳುವುದು ನಮ್ಮ ದೇಶದಲ್ಲಿ ಅಪರಾಧ, ಗಡಿ ಜಿಲ್ಲೆಯಲ್ಲಿ ಅದು ಬಹಳ ಗಂಭೀರವಾಗುತ್ತದೆ. ಜೈಸಲ್ಮೇರಿನಿಂದ ಸುಮಾರು 120 ಕಿಲೋಮೀಟರ್ ದೂರದ ತನೋಟ್ ಮಾತೆಯ ಗುಡಿಯವರೆಗೆ ಡಾಂಬರು ಇದೆ. ಅದರಾಚೆಗೆ ಗಡಿಯತ್ತ ಹೋಗಲು ಅನುಮತಿ ಬೇಕು. ಈ ದಾರಿಗೆ ಜೈಸಲ್ಮೇರಿನಲ್ಲಿಯೇ ಟ್ಯಾಂಕ್ ತುಂಬಿಸಿ, ಅರ್ಧಕ್ಕೆ ಇಳಿಯುವ ಮೊದಲು ಎಲ್ಲಿ ಪಂಪ್ ಸಿಕ್ಕರೂ ಮತ್ತೆ ತುಂಬಿಸಿ.

ಹಿಂದಿರುಗುವ ಗಳಿಗೆಯನ್ನು ಹೊರಡುವ ಮೊದಲೇ ಕಾಗದದ ಮೇಲೆ ಬರೆದು ಡ್ಯಾಶ್‌ಬೋರ್ಡಿಗೆ ಅಂಟಿಸಿ. ಮಧ್ಯಾಹ್ನ ಮೂರಕ್ಕೆ ತಿರುಗಬೇಕೆಂದು ಬರೆದಿದ್ದರೆ, ನೋಡಬೇಕೆಂದಿದ್ದ ಜಾಗ ಎರಡೇ ಕಿಲೋಮೀಟರ್ ಉಳಿದಿದ್ದರೂ ತಿರುಗಬೇಕು. ಆ ಗಳಿಗೆ ಬಂತೆಂದು ಹೇಳುವ ಅಧಿಕಾರ ಪಕ್ಕದ ಸೀಟಿನವರದು, ಅದನ್ನು ಓಡಿಸುವವರು ಪ್ರಶ್ನಿಸಬಾರದು.

ಊರಿಗೆ ಬಂದ ಮೇಲೆ

ಮೊದಲ ವಾರದಲ್ಲಿಯೇ ಗಾಡಿಯನ್ನು ಗ್ಯಾರೇಜಿನಲ್ಲಿ ಎತ್ತರಕ್ಕೆ ಏರಿಸಿ ಕೆಳಭಾಗವನ್ನು ನೀರಿನಿಂದ ತೊಳೆಸಿ. ಬ್ರೇಕಿನ ಒಳಗೆ ಸೇರಿದ ಉಸುಕು ಅರದಂತೆ ಉಜ್ಜುತ್ತಲೇ ಇರುತ್ತದೆ. ಏರ್ ಫಿಲ್ಟರ್, ಎಸಿಯ ಫಿಲ್ಟರ್ ಎರಡನ್ನೂ ಬದಲಿಸಿ, ಕುಲುಕಾಟದಿಂದ ಸಡಿಲಾದ ನಟ್ಟುಗಳನ್ನು ಬಿಗಿ ಮಾಡಿಸಿ, ಟೈರುಗಳ ಒಳಬದಿಯನ್ನು ಕೈಯಾಡಿಸಿ ನೋಡಿ. ಹೊರಬದಿಗೆ ಕಾಣದ ಸೀಳು ಅಲ್ಲಿರುತ್ತದೆ. ಹಾಗೆಯೇ ರಕ್ತದೊತ್ತಡ ಮತ್ತು ಮೂತ್ರಪಿಂಡದ ಪರೀಕ್ಷೆಯನ್ನೂ ಒಮ್ಮೆ ಮಾಡಿಸಿಕೊಂಡು, ಪ್ರಯಾಣದಲ್ಲಿ ಯಾವ ದಿನ ಎಷ್ಟು ಹೊತ್ತು ಓಡಿಸಿದಾಗ ಏನು ಅನಿಸಿತು ಎಂಬುದನ್ನು ವೈದ್ಯರಿಗೆ ತಿಳಿಸಿ.